ಬೆಳಗಿನ ವೇಳೆ ತಡವರಿಸಿ ಚಾಲೂ ಆಗುವ ಡೀಸೆಲ್ ಲಾರಿಗಳು: ಅರ್ಹತಾ ಪತ್ರ ನವೀಕರಣಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ನಿಲ್ಲಿಸಿದ ಲಾರಿಯು ಜನವರಿಯ ಮುಂಜಾನೆ ತಡವರಿಸಿ ಚಾಲೂ ಆದಲ್ಲಿ ಮಾಲೀಕರು ಚಳಿಯನ್ನು ದೂರುವುದುಂಟು. ಆದರೆ ಬೆಂಗಳೂರಿನ ಸುಮಾರು 15 ಡಿಗ್ರಿ ಸೆಲ್ಸಿಯಸ್ ಚಳಿಗೆ ಸುಸ್ಥಿತಿಯ ಎಂಜಿನ್ ತಡವರಿಸಬೇಕಾಗಿಲ್ಲ.

ಸ್ಟಾರ್ಟರ್ ನಿಧಾನವಾಗಿ ತಿರುಗಿದಲ್ಲಿ ಮೊದಲು ಬ್ಯಾಟರಿ ಹಾಗೂ ಟರ್ಮಿನಲ್‌ಗಳನ್ನು ಪರೀಕ್ಷಿಸತಕ್ಕದ್ದು. ಸ್ಟಾರ್ಟರ್ ಚುರುಕಾಗಿದ್ದು, ಹ್ಯಾಂಡ್ ಪಂಪ್ ಒತ್ತಿದ ನಂತರವಷ್ಟೇ ಎಂಜಿನ್ ಸುಲಭವಾಗಿ ಚಾಲೂ ಆದಲ್ಲಿ, ಡೀಸೆಲ್ ಕೊಳವೆಯೊಳಗೆ ರಾತ್ರಿ ಗಾಳಿ ಸೇರಿರುವ ಸಂಭವ ಹೆಚ್ಚು. ಕೆಲವೊಮ್ಮೆ ಒಂದು ವಾಷರ್ ಬದಲಿಸಿದರೆ ಸಾಕು. ಬಿಳಿ ಹೊಗೆ ಸಾಮಾನ್ಯವಾಗಿ ಉರಿಯದ ಡೀಸೆಲ್‌ನದು. ಅದು ಬಹಳ ಹೊತ್ತು ನಿಲ್ಲದಿದ್ದಲ್ಲಿ ಇಂಜೆಕ್ಟರ್ ಹಾಗೂ ಕಂಪ್ರೆಷನ್ ಪರೀಕ್ಷೆ ಅವಶ್ಯ.

ಹೊಗೆ ತಪಾಸಣೆಯನ್ನು ಎಂಜಿನ್ ಕಾದ ನಂತರ ನಡೆಸುವುದರಿಂದ ಈ ದೋಷ ಅಲ್ಲಿ ಕಾಣದೇ ಹೋಗಬಹುದು. 8 ವರ್ಷ ಮೀರಿದ ಲಾರಿಗಳಿಗೆ ಪ್ರತಿವರ್ಷ ನವೀಕರಣ ಕಡ್ಡಾಯವಾಗಿದ್ದು, ಅರ್ಜಿಗೆ ಮುನ್ನ ಎಂಜಿನ್ ತಣ್ಣಗಿರುವಾಗಲೇ ಮೆಕ್ಯಾನಿಕ್‌ಗೆ ತೋರಿಸತಕ್ಕದ್ದು.