ನಾಶಿಕದ ನೀರು, ಪೈಠಣದ ಹಕ್ಕಿ

ಹವಳ, ಬಣ್ಣದ ಮೀನು ನೋಡಬೇಕೆಂದರೆ ಊರಲ್ಲಿ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಬಹುದು. ಇಲ್ಲಾದರೆ ಮಾಲ್ವಣ್ ಕಡಲು. ನಾಶಿಕದಲ್ಲಿದ್ದ ನನಗೆ ಎರಡೂ ದೂರ. ಹತ್ತಿರ ಸಿಕ್ಕಿದ್ದು ನಾಂದೂರ್ ಮಧ್ಯಮೇಶ್ವರ.

ನಿಫಾಡ್ ತಾಲ್ಲೂಕಿನಲ್ಲಿ ಗೋದಾವರಿಗೆ ಕಾದ್ವಾ ನದಿ ಸೇರುವ ಜಾಗವದು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಕಲ್ಲಿನ ಒಡ್ಡು ಕಟ್ಟಿದರು. ನೂರು ವರ್ಷದಲ್ಲಿ ಹೂಳು ತುಂಬಿ ನಡುಗಡ್ಡೆ, ಜೌಗು, ಮೊಣಕಾಲುದ್ದದ ನೀರು ಆಯಿತು. ಎಂಜಿನಿಯರುಗಳಿಗೆ ಹೂಳೆಂದರೆ ತಲೆನೋವು. ಹಕ್ಕಿಗಳಿಗೆ ಅದೇ ಊಟದೆಲೆ. 2020ರಲ್ಲಿ ಇದು ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣವಾಯಿತು. ನಮ್ಮ ರಂಗನತಿಟ್ಟಿಗೆ ಆ ಮಾನ್ಯತೆ ಸಿಕ್ಕಿದ್ದು 2022ರಲ್ಲಿ. ಅದೂ ಒಡ್ಡಿನಿಂದಲೇ ಹುಟ್ಟಿದ ಹಕ್ಕಿಧಾಮ.

ಜನವರಿಯ ಮಂಜಿನಲ್ಲಿ ಚಾಪಡ್‌ಗಾಂವ್‌ನ ವೀಕ್ಷಣಾ ಗೋಪುರ ಹತ್ತಿದರೆ ಮೊದಲು ಸದ್ದು, ಆಮೇಲೆ ಹಕ್ಕಿ. ನಾಮದ ಕೋಳಿಗಳು, ಚಮಚದ ಕೊಕ್ಕುಗಳು, ನೇರಳೆ ಜಂಬುಕೋಳಿಗಳು. ದುರ್ಬೀನು ಹಿಡಿದು ತೋರಿಸುವವರು ಅದೇ ಊರಿನ ಹುಡುಗರು. ನಾನು ಬಾಯಿ ತೆರೆಯುವ ಮೊದಲೇ ಹೆಸರು ಹೇಳಿಬಿಡುತ್ತಿದ್ದರು.

ಆಮೇಲೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಇಲ್ಲಿ ನಲ್ಲಿ ನೀರು ಬರುವುದೇ ವಾರಕ್ಕೊಮ್ಮೆ; ಅದೂ ಪೈಠಣದ ಜಾಯಕವಾಡಿಯಿಂದ. ಹತ್ತು ಕಿಲೋಮೀಟರ್ ಉದ್ದದ ಅಣೆಕಟ್ಟು, ಕೆಆರ್‌ಎಸ್‌ನ ಎರಡು ಪಟ್ಟು ನೀರು. ಅದೂ ಪಕ್ಷಿಧಾಮವೇ.

ಅಕ್ಟೋಬರ್ ಮಧ್ಯಕ್ಕೆ ಜಾಯಕವಾಡಿಯಲ್ಲಿ ಶೇ 65 ನೀರಿಲ್ಲದಿದ್ದರೆ ಮೇಲಿನ ನಾಶಿಕ, ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟುಗಳಿಂದ ಬಿಡಬೇಕೆಂಬುದು ಇಲ್ಲಿನ ಲೆಕ್ಕ. ನಾಶಿಕದಿಂದ ಬಿಟ್ಟ ನೀರು ನಾಂದೂರ್ ಒಡ್ಡು ದಾಟಿಯೇ ಬರುತ್ತದೆ. 2023ರ ನವೆಂಬರಿನಲ್ಲಿ ಹಾಗೆ ಬಿಟ್ಟಾಗ ನಾಶಿಕದ ಹಳೆಯ ಸಹೋದ್ಯೋಗಿ ಫೋನಿನಲ್ಲಿ ‘ನಮ್ಮ ನೀರು ಕುಡೀರಿ’ ಎಂದ. ಇಲ್ಲಿನವರು ‘ಅವರಪ್ಪನದಾ ನದಿ?’ ಎಂದರು. ಕಾವೇರಿ ಜಗಳ ನೋಡಿ ಬೆಳೆದ ನಾನು ಡಬ್ಬಿ ಬಿಚ್ಚಿ ಸುಮ್ಮನೆ ಊಟ ಮಾಡಿದೆ. ನಾಲ್ಕು ವರ್ಷ ಕುಡಿದದ್ದು ಅವನ ಕಡೆಯ ನೀರೇ ಅಲ್ಲವೇ!

ಆ ಚಳಿಗಾಲ ಮನೆಯಲ್ಲಿ ಡ್ರಮ್ಮುಗಳ ಸಾಲು. ಆದರೆ ಪೈಠಣದ ಹಿನ್ನೀರು ಇಳಿದು ಕೆಸರು ತೆರೆದಿತ್ತು. ದಡದಿಂದ ಕೂಗಳತೆಯಲ್ಲಿ ರಾಜಹಂಸಗಳು ಕೊಕ್ಕು ತಲೆಕೆಳಗು ಮಾಡಿ ನೀರು ಸೋಸುತ್ತಿದ್ದವು. ನಲವತ್ತರವರೆಗೆ ಎಣಿಸಿ ಲೆಕ್ಕ ತಪ್ಪಿದೆ. ಆಚೆ ಹಿಮಾಲಯ ದಾಟಿ ಬಂದ ಪಟ್ಟೆತಲೆ ಬಾತುಗಳು ಕಡಲೆ ಹೊಲಕ್ಕೆ ನುಗ್ಗಿದ್ದವು. ರೈತ ತಗಡು ಬಡಿಯುತ್ತಿದ್ದ.

2024ರಲ್ಲಿ ಮಳೆ ಚೆನ್ನಾಗಿ ಬಂದು ಜಲಾಶಯ ತುಂಬಿತು, ಗೇಟು ತೆಗೆದರು. ಬೀದಿಯಲ್ಲಿ ಎಲ್ಲರ ಮುಖ ಅರಳಿತು. ಡಿಸೆಂಬರಿನಲ್ಲಿ ಮಗಳಿಗೆ ರಾಜಹಂಸ ತೋರಿಸುತ್ತೇನೆಂದು ಕರೆದೊಯ್ದೆ. ಕಣ್ಣಳತೆಗೂ ನೀರು, ಹಕ್ಕಿ ಒಂದೂ ಹತ್ತಿರವಿಲ್ಲ. ಬಲೆ ಬಿಡಿಸುತ್ತಿದ್ದ ಮುದುಕರು, ‘ಸಾಹೇಬ್, ನೀರು ಇಳಿಯಲಿ. ಹೋಳಿ ಹೊತ್ತಿಗೆ ಬನ್ನಿ’ ಎಂದರು.

‘ನೀರು ಬೇಗ ಇಳೀಲಿ ಅಪ್ಪ’ ಎಂದಳು ಮಗಳು. ಹೆಂಡತಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು.