ಕಾಲುವೆಯ ಕೊನೆಗೆ ಗ್ಯಾಸ್

ಮಾನ್ವಿ ಕಡೆಯ ನಮ್ಮೂರಿನಿಂದ ಅಪ್ಪ ನೋಯ್ಡಾಕ್ಕೆ ಬಂದಿದ್ದರು. ಅಡುಗೆಮನೆಯಲ್ಲಿ ಸಿಲಿಂಡರ್ ಕಾಣದೆ ಹುಡುಕಿದರು. ಗ್ಯಾಸ್ ಪೈಪಿನಲ್ಲಿ ಬರುತ್ತದೆ, ಮೀಟರ್ ನೋಡಿ ಬಿಲ್ ಕೊಡುತ್ತಾರೆ ಎಂದೆ.

"ತುಟ್ಟಿ ಅನಿಸಿದ್ರ ಬ್ಯಾರೆ ಕಂಪನಿ ಕಡಿಂದ ತಗೊಳ್ಳಾಕ ಬರ್ತೈತೇನು?"

ಇಲ್ಲ ಎಂದೆ.

"ಹಂಗಾದ್ರ ಇದೂ ನಮ್ಮ ಕಾಲುವಿ ಕಥಿನ" ಎಂದರು.

ನಮ್ಮ ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ. ನೀರಿನ ಕರ ಮೇಲಿನವರಿಗೂ ನಮಗೂ ಒಂದೇ. ನೀರು ಮಾತ್ರ ಅವರ ಗದ್ದೆ ತುಂಬಿ ಉಳಿದರೆ ಉಂಟು.

ಗ್ಯಾಸ್ ಪೈಪಿನ ಲೆಕ್ಕವೂ ಹೀಗೇ. ಒಂದು ಪೈಪ್ ಇರುವಲ್ಲಿ ಪಕ್ಕಕ್ಕೇ ಇನ್ನೊಂದು ಹೂಳುವುದು ದುಡ್ಡಿನ ದಂಡ. ಆದ್ದರಿಂದ ಸ್ಪರ್ಧೆ ಬೇಕೆಂದರೆ ಒಂದೇ ಪೈಪಿನಲ್ಲಿ ಹಲವರ ಗ್ಯಾಸ್ ಹರಿಯಬೇಕು. 2006ರ ಕಾಯ್ದೆಯಡಿ ಬಂದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ ಕೆಲಸಗಳಲ್ಲಿ ಇದೂ ಒಂದು: ಸಾಗಣೆ ದರ ನಿಗದಿ ಮಾಡುವುದು, ಪೈಪಿನಲ್ಲಿ ಇತರರಿಗೂ ಜಾಗ ಸಿಗುವಂತೆ ನೋಡಿಕೊಳ್ಳುವುದು.

ತೊಡಕು ಇರುವುದು ಮಾಲೀಕತ್ವದಲ್ಲಿ. 2013ರಲ್ಲಿ ಬೆಳಗಾವಿ, ದಾವಣಗೆರೆ, ತುಮಕೂರು ಹಾದು ಬಂದ ದಾಭೋಲ್–ಬೆಂಗಳೂರು ಮಾರ್ಗ ಗೇಲ್‌ನದು. 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಮಾರ್ಗವೂ ಅದರದೇ. ಗೇಲ್ ಗ್ಯಾಸ್ ಸಾಗಿಸುತ್ತದೆ, ತಾನೂ ಮಾರುತ್ತದೆ. ಬೆಂಗಳೂರಿನ ಮನೆಗಳಿಗೆ ಗ್ಯಾಸ್ ಕೊಡುವುದು ಅದರ ಅಂಗಸಂಸ್ಥೆ. ನೋಯ್ಡಾಕ್ಕೆ ಕೊಡುವ ಇಂದ್ರಪ್ರಸ್ಥ ಗ್ಯಾಸ್‌ನ ಪ್ರವರ್ತಕರಲ್ಲೂ ಅದು ಒಂದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಆ್ಯಪ್ ಅಂಗಡಿ ನಡೆಸುವವನೇ ಅಲ್ಲಿ ತನ್ನ ಆ್ಯಪ್ ಮಾರಿದಂತೆ. ಅವನು ಮೋಸ ಮಾಡಲೇಬೇಕೆಂದಿಲ್ಲ. ಆದರೆ ಪಕ್ಷಪಾತ ಮಾಡುವ ಅವಕಾಶವಂತೂ ಕೈಯಲ್ಲೇ ಇರುತ್ತದೆ.

ಮೊದಲು ಗ್ಯಾಸ್ ಎರಡು ಮೂರು ಪೈಪ್‌ಲೈನ್ ದಾಟಿದರೆ ಪ್ರತಿಯೊಂದರ ಬಾಡಿಗೆಯೂ ಕೂಡುತ್ತಿತ್ತು. ದೂರದವರಿಗೆ ಅದು ಹೊರೆ. 2023ರ ಏಪ್ರಿಲ್ 1ರಿಂದ ಏಕೀಕೃತ ದರ ಬಂತು. ಆರಂಭದಲ್ಲಿ ದೂರಕ್ಕೆ ತಕ್ಕಂತೆ ಮೂರು ವಲಯ ಮಾಡಿದರು. ಒಳ್ಳೆಯ ಹೆಜ್ಜೆ. 2020ರಲ್ಲಿ ಇಂಡಿಯನ್ ಗ್ಯಾಸ್ ಎಕ್ಸ್‌ಚೇಂಜ್ ಬಂದ ಮೇಲೆ ಗ್ಯಾಸ್ ಕೊಳ್ಳಲು ಮಾರುಕಟ್ಟೆಯೂ ಇದೆ. ಆದರೆ ಅಲ್ಲಿ ಅಗ್ಗಕ್ಕೆ ಕೊಂಡ ತುಮಕೂರಿನ ಕಾರ್ಖಾನೆಗೆ ಪೈಪಿನಲ್ಲಿ ಜಾಗವೇ ಸಿಗದಿದ್ದರೆ ಆ ಅಗ್ಗ ಕಾಗದದ ಮೇಲೇ ಉಳಿಯುತ್ತದೆ.

ಹಾಗಾಗಿ ಪೈಪ್‌ಲೈನಿನ ಮಾರುಕಟ್ಟೆ ಬಲ ಅಳೆಯಲು ದರವೊಂದನ್ನೇ ನೋಡಿದರೆ ಸಾಲದು. ಪೈಪಿನಲ್ಲಿ ಎಷ್ಟು ಜಾಗ ಖಾಲಿ ಇದೆ, ಅದನ್ನು ಯಾರಿಗೆ ಕೊಟ್ಟರು, ಯಾರಿಗೆ ಇಲ್ಲವೆಂದರು ಎಂಬುದು ಎಲ್ಲರಿಗೂ ಕಾಣಬೇಕು. ಸಾಗಿಸುವ ಕಂಪನಿ ಬೇರೆ, ಮಾರುವ ಕಂಪನಿ ಬೇರೆ ಆದರೆ ಇನ್ನೂ ಒಳ್ಳೆಯದು.

ಇದನ್ನೆಲ್ಲ ಹೇಳಿದಾಗ ಅಪ್ಪ ಚಹಾ ಲೋಟ ಕೆಳಗಿಟ್ಟು ಕೇಳಿದರು: "ಕರ ಒಂದೇ ಮಾಡ್ಯಾರ, ಛಲೋ ಆತು. ತೂಬಿನ ಕೀಲಿ ಯಾರ ಕಡಿ ಐತಿ?"