ಅರಳೆಪೇಟೆ: ಹೆಸರಲ್ಲೇ ಇದೆ ಹಳೇ ಕಸುಬು

ಬೆಂಗಳೂರಿನ ಕಾಟನ್‌ಪೇಟೆ ಗೊತ್ತಲ್ವಾ? ಅದರ ಹಳೇ ಹೆಸರು ಅರಳೆಪೇಟೆ. ಅರಳೆ ಅಂದ್ರೆ ಬೀಜ ತೆಗೆದ ಹತ್ತಿ.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು ಬೆಂಗಳೂರು. ಇಲ್ಲಿ ಕಸುಬಿಗೊಂದು ಕೇರಿ ಬೆಳೀತು. ಅಕ್ಕಿ ಮಾರೋ ಕಡೆ ಅಕ್ಕಿಪೇಟೆ, ಬಳೆ ಮಾರೋ ಕಡೆ ಬಳೇಪೇಟೆ, ಮಡಕೆ ಮಾಡೋರದ್ದು ಕುಂಬಾರಪೇಟೆ, ಎಣ್ಣೆಗಾಣದವರದ್ದು ಗಾಣಿಗರಪೇಟೆ. ಹೆಸರೇ ವಿಳಾಸ!

ಆಮೇಲೆ ಇಂಗ್ಲಿಷ್ ಬಂತು. ದೊಡ್ಡಪೇಟೆ ಅವೆನ್ಯೂ ರಸ್ತೆ ಆಯ್ತು, ಅರಳೆ ಕಾಟನ್ ಆಯ್ತು. ಬಳೇಪೇಟೆಯಲ್ಲಿ ಈಗ ವೀಣೆ, ತಬಲಾ ಅಂಗಡಿಗಳಿವೆ.

ಆದರೂ ಬೆಂಗಳೂರು ಕರಗ ಉತ್ಸವದ ರಾತ್ರಿ ಕಾಟನ್‌ಪೇಟೆಗೆ ಬನ್ನಿ. ಹೂವಿನ ಕರಗ ಇಲ್ಲಿನ ಮಸ್ತಾನ್ ಸಾಹೇಬರ ದರ್ಗಾಕ್ಕೆ ಬಂದೇ ಮುಂದೆ ಸಾಗುತ್ತೆ. ಈ ಓಣಿಗಳ ನೆನಪು ಬಲು ಗಟ್ಟಿ.

ಮುಂದಿನ ಸಲ ಹೋದಾಗ ಒಮ್ಮೆ ಜೋರಾಗಿ ಹೇಳಿ: ಅರಳೆಪೇಟೆ. ನಾವು ಕರೆದರೆ ತಾನೇ ಹೆಸರು ಉಳಿಯೋದು!